ಉಣ್ಣೆಗೆ ಹುಳಿ ಹಿಡಿಸುವ ಮೊದಲು ಯಾವ ಸೋಪು? ಮಲೆನಾಡಿನಲ್ಲಿ ಬಣ್ಣ ಹಾಕುವವರಿಗೆ ಒಂದು ಹೋಲಿಕೆ

ಉಣ್ಣೆ ನೂಲಿಗೆ ಮನೆಯಲ್ಲೇ ಬಣ್ಣ ಹಾಕಲು ಹೊರಟವರು ಮೊದಲು ಕೇಳುವುದು ‘ವಿನೆಗರ್ ಎಷ್ಟು ಹಾಕಬೇಕು?’ ಎಂದು. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ನೂಲನ್ನು ಯಾವುದರಲ್ಲಿ ತೊಳೆದಿರಿ, ಎಷ್ಟು ಸಲ ಜಾಲಿಸಿದಿರಿ ಎಂಬುದು ಗೊತ್ತಾಗದೆ ವಿನೆಗರಿನ ಲೆಕ್ಕ ಹೇಳಲು ಬರುವುದಿಲ್ಲ. ತೊಳೆದ ಮೇಲೆ ಎಳೆಯಲ್ಲಿ ಉಳಿದುಕೊಂಡ ಸೋಪು ಉಣ್ಣೆ ಆಮ್ಲವನ್ನು ಹೀರುವ ರೀತಿಯನ್ನೇ ಬದಲಿಸುತ್ತದೆ. ಎಲ್ಲ ಸೋಪೂ ಒಂದೇ ದಿಕ್ಕಿಗೆ ಬದಲಿಸುವುದಿಲ್ಲ ಎನ್ನುವುದರಿಂದಲೇ ಈ ಹೋಲಿಕೆ ಬೇಕಾಗಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕುರಿ ಸಾಕುವವರು ಅಪರೂಪ. ಈ ಮಳೆಗೆ ಕುರಿ ತಾಳುವುದೂ ಇಲ್ಲ. ಮಳೆಗಾಲದ ಕಂಬಳಿ ಕೊಪ್ಪೆಗೆ ಬೇಕಾದ ಉಣ್ಣೆ ಯಾವಾಗಲೂ ಚಳ್ಳಕೆರೆಯಂಥ ಬಯಲುಸೀಮೆಯ ಊರುಗಳಿಂದಲೇ ಘಟ್ಟದ ಕಡೆ ಬಂದದ್ದು. ಈಗ ನಮ್ಮ ಕೈಗೆ ಸಿಗುವುದು ಮೂರು ಬಗೆ: ಕಂಬಳಿಯ ಒರಟು ನಾಡ ಉಣ್ಣೆ, ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುವ ಹೆಣಿಗೆಯ ಮೆರಿನೋ ನೂಲು, ಮತ್ತು ಅಜ್ಜನ ಕಾಲದ ಹಳೆ ಕಂಬಳಿ. ಬಣ್ಣಗಳಲ್ಲಿ ಒಂದು ಕಡೆ ಹುಳಿ ನೀರಿನಲ್ಲಿ ಉಣ್ಣೆಗೆ ಹತ್ತುವ ಪೊಟ್ಟಣದ ಆಸಿಡ್ ಬಣ್ಣಗಳು, ಇನ್ನೊಂದು ಕಡೆ ಅಡಿಕೆ ಬೇಯಿಸಿದಾಗ ಸಿಗುವ ನಮ್ಮದೇ ಕಂದು ರಸ, ಅಡಿಕೆ ಚೊಗರು. ಯಾವ ಸೋಪು ಎಂಬ ಆಯ್ಕೆಯನ್ನು ಇವುಗಳ ಮೇಲೆ ಮಾಡಬೇಕು, ನೊರೆ ಎಷ್ಟು ಬಂತು ಎಂಬುದರ ಮೇಲೆ ಬೇಡ.

ಆರಂಭದಲ್ಲೇ ಒಂದು ಎಚ್ಚರಿಕೆ. ನಮ್ಮಲ್ಲಿ ಬಣ್ಣದ ಕೆಲಸ ಬಲ್ಲವರು ಹೆಚ್ಚಾಗಿ ಕಲಿತದ್ದು ಹತ್ತಿಯ ಮೇಲೆ. ಹೆಗ್ಗೋಡಿನ ಚರಕದಂಥ ಸಂಸ್ಥೆ ನೈಸರ್ಗಿಕ ಬಣ್ಣವನ್ನು ಇಲ್ಲಿ ಮನೆಮಾತಾಗಿಸಿದ್ದು ಹತ್ತಿಯ ಕೈಮಗ್ಗದಿಂದ. ಹತ್ತಿಯನ್ನು ವಾಷಿಂಗ್ ಸೋಡಾ ಹಾಕಿ ಕುದಿಸಿ ಹದ ಮಾಡಬಹುದು. ಕ್ಷಾರಕ್ಕೆ ಅದು ಜಗ್ಗುವುದಿಲ್ಲ, ಆಮ್ಲ ಕಂಡರೆ ಸೋಲುತ್ತದೆ. ಉಣ್ಣೆಯದು ಇದಕ್ಕೆ ನೇರ ತಿರುವು. ಆಮ್ಲವನ್ನು ತಾಳಿಕೊಳ್ಳುವ ಉಣ್ಣೆ ಕುದಿಯುವ ಕಾಸ್ಟಿಕ್ ಸೋಡಾ ನೀರಿನಲ್ಲಿ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಹತ್ತಿಯ ಪಾಠವನ್ನು ಉಣ್ಣೆಗೆ ಹಚ್ಚಬೇಡಿ.

ಎಳೆಯೊಳಗೆ ಆಮ್ಲ ಹೋಗುವ ಬಗೆ

ಉಣ್ಣೆ ಎಂದರೆ ಕೆರಟಿನ್ ಎಂಬ ಪ್ರೋಟೀನು. ಅದರ ಸರಪಳಿಯ ಉದ್ದಕ್ಕೂ ಧನ ಆವೇಶ ಹೊತ್ತ ಅಮೈನೋ ಗುಂಪುಗಳೂ ಋಣ ಆವೇಶ ಹೊತ್ತ ಕಾರ್ಬಾಕ್ಸಿಲ್ ಗುಂಪುಗಳೂ ಒಂದಕ್ಕೊಂದು ಜೋಡಿಯಾಗಿ ಇರುತ್ತವೆ. ನೀರಿನ ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 5ರ ಆಸುಪಾಸಿನಲ್ಲಿ ಎರಡೂ ಸರಿಸಮ. ನೀರಿಗೆ ಆಮ್ಲ ಬಿದ್ದಾಗ ಅದರ ಧನ ಆವೇಶದ ಕಣಗಳಾದ ಪ್ರೋಟಾನುಗಳು ಬಂದು ಕಾರ್ಬಾಕ್ಸಿಲ್ ಗುಂಪಿನ ಋಣ ಆವೇಶವನ್ನು ತೀರಿಸುತ್ತವೆ. ಜೋಡಿ ಕಳೆದುಕೊಂಡ ಅಮೈನೋ ಗುಂಪಿನ ಧನ ಆವೇಶ ಹಾಗೆಯೇ ಉಳಿಯುತ್ತದೆ, ಅದನ್ನು ಸರಿದೂಗಿಸಲು ನೀರಿನಲ್ಲಿರುವ ಯಾವುದಾದರೊಂದು ಋಣ ಅಯಾನು, ಅಂದರೆ ಋಣ ಆವೇಶ ಹೊತ್ತ ಕಣ, ಒಳಗೆ ಬರಲೇಬೇಕು. ಪ್ರೋಟಾನು, ಋಣ ಅಯಾನು ಎರಡೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದು ನಿಂತರೆ ಇನ್ನೊಂದು ಮುಂದೆ ಹೋಗದು, ಒಂದು ಜೋರಾಗಿ ಎಳೆದರೆ ಇನ್ನೊಂದೂ ಜೊತೆಗೆ ಬರುತ್ತದೆ.

ಆ ಋಣ ಅಯಾನು ಬಣ್ಣದ್ದೇ ಆದರೆ ಉಣ್ಣೆಗೆ ಬಣ್ಣ ಹತ್ತಿತು ಎನ್ನುತ್ತೇವೆ. ವಿನೆಗರಿನ ಅಸಿಟೇಟ್ ಆಗಬಹುದು, ಉಪ್ಪಿನ ಕ್ಲೋರೈಡ್ ಆಗಬಹುದು. ಸೋಪಿನದೂ ಆಗಬಹುದು, ನಮ್ಮ ವಿಷಯ ಇರುವುದು ಅಲ್ಲಿ.

ಒಂದು ಗ್ರಾಂ ಉಣ್ಣೆ ಹೆಚ್ಚೆಂದರೆ ಸುಮಾರು 0.8 ಮಿಲಿಮೋಲ್ (ಮಿಲಿಮೋಲ್ ಎಂದರೆ ತೂಕದ ಬದಲು ಕಣಗಳ ಎಣಿಕೆಯ ಅಳತೆ) ಆಮ್ಲವನ್ನು ಹಿಡಿದಿಡುತ್ತದೆ. ಗಂಧಕಾಮ್ಲದ ಲೆಕ್ಕದಲ್ಲಿ 100 ಗ್ರಾಂ ಉಣ್ಣೆಗೆ ಹತ್ತಿರಹತ್ತಿರ 4 ಗ್ರಾಂ. ಹಳೆಯ ಬಣ್ಣದ ಕಾರ್ಖಾನೆಗಳಲ್ಲಿ ಉಣ್ಣೆಯ ತೂಕದ ಶೇ 4ರಷ್ಟು ಗಂಧಕಾಮ್ಲ ಹಾಕುವ ವಾಡಿಕೆ ಇತ್ತು. ಅನುಭವದಿಂದ ಬಂದ ಆ ಅಳತೆಗೂ ಈ ರಸಾಯನದ ಲೆಕ್ಕಕ್ಕೂ ತಾಳೆಯಾಗುವುದನ್ನು ನೋಡಿದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಋಣ ಅಯಾನು ಯಾವುದು ಎಂಬುದರ ಮಹತ್ವವನ್ನು ಅಳತೆ ಮಾಡಿ ತೋರಿಸಿದವರು ಅಮೆರಿಕದ ಸಂಶೋಧಕರಾದ ಸ್ಟೈನ್‌ಹಾರ್ಟ್, ಫ್ಯೂಗಿಟ್ ಮತ್ತು ಮಿಲ್ಟನ್ ಹ್ಯಾರಿಸ್. 1940ರ ದಶಕದ ಆರಂಭದಲ್ಲಿ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಉಣ್ಣೆ ತನ್ನ ಪಾಲಿನ ಅರ್ಧ ತುಂಬಿಕೊಳ್ಳಬೇಕಾದರೆ ನೀರು ತೀರಾ ಹುಳಿಯಾಗಿರಬೇಕು. ಉದ್ದ ಬಾಲದ ದೊಡ್ಡ ಋಣ ಅಯಾನು ಇರುವ ಆಮ್ಲಗಳಲ್ಲಿ ಅಷ್ಟೇ ಪಾಲು ಎಷ್ಟೋ ಕಡಿಮೆ ಹುಳಿಯಲ್ಲೇ ತುಂಬುತ್ತದೆ, ಏಕೆಂದರೆ ಆ ಬಾಲ ಉಣ್ಣೆಯ ನೀರೊಲ್ಲದ ಭಾಗಗಳಿಗೆ ತಾನಾಗಿ ಅಂಟಿಕೊಳ್ಳುತ್ತದೆ, ಪ್ರೋಟಾನನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. 1944ರಲ್ಲಿ ಗಿಲ್ಬರ್ಟ್ ಮತ್ತು ರಿಡೀಲ್ ಇದೇ ಜೋಡಿ ಹೀರುವಿಕೆಗೆ ಗಣಿತದ ರೂಪ ಕೊಟ್ಟರು. ನಾವು ಡಿಟರ್ಜೆಂಟ್ ಎನ್ನುವ ಅನೇಕ ವಸ್ತುಗಳು ಇಂಥ ಉದ್ದ ಬಾಲದ ಋಣ ಅಯಾನುಗಳೇ.

ಪಾತ್ರೆ ತೊಳೆಯುವ ದ್ರವ: ಆಮ್ಲ ಹೆಚ್ಚು, ಬಣ್ಣ ನಿಧಾನ

ಅಡಿಗೆಮನೆಯ ಪಾತ್ರೆ ದ್ರವ, ಬಹುತೇಕ ಶಾಂಪೂ, ಬಟ್ಟೆಯ ಡಿಟರ್ಜೆಂಟ್ ಎಲ್ಲದರಲ್ಲೂ ಮುಖ್ಯ ಅಂಶ ಋಣ ಜಾತಿಯ ಸರ್ಫ್ಯಾಕ್ಟೆಂಟ್, ಅಂದರೆ ಜಿಡ್ಡು ಬಿಡಿಸುವ, ಮೈ ಒದ್ದೆಯಾಗಿಸುವ ವಸ್ತು. ಇದರ ತಲೆ ಸಲ್ಫೋನೇಟ್ ಅಥವಾ ಸಲ್ಫೇಟ್. ಆಮ್ಲದಲ್ಲಿಯೂ ಅದು ತನ್ನ ಋಣ ಆವೇಶ ಬಿಡುವುದಿಲ್ಲ. ಆದ್ದರಿಂದ ವಿನೆಗರ್ ನೀರಿನಲ್ಲಿ ಇದು ಉಣ್ಣೆಯತ್ತ ಓಡುತ್ತದೆ, ಅಮೈನೋ ಗುಂಪಿನ ಪಕ್ಕ ಕೂರುತ್ತದೆ, ತನ್ನ ಜೊತೆಗೆ ಪ್ರೋಟಾನನ್ನೂ ಎಳೆದು ತರುತ್ತದೆ. ನೀರಿನ ಪಿಎಚ್ ಅಷ್ಟೇ ಇದ್ದರೂ ಉಣ್ಣೆ ಹೀರುವ ಆಮ್ಲ ಹೆಚ್ಚಾಗುತ್ತದೆ.

ಹಾಗಾದರೆ ಬಣ್ಣವೂ ಹೆಚ್ಚು ಹತ್ತಬೇಕಲ್ಲ ಎನ್ನಿಸುವುದು ಸಹಜ. ಆಗುವುದು ಬೇರೆ. ಬಣ್ಣ ಕೂರಬೇಕಾದ ಜಾಗದಲ್ಲಿ ಡಿಟರ್ಜೆಂಟ್ ಮೊದಲೇ ಬಂದು ಕೂತಿರುತ್ತದೆ. ಆಮ್ಲ ಹೆಚ್ಚು ಹೀರಿದೆ, ಬಣ್ಣ ಮಾತ್ರ ತಡವಾಗಿ ಹತ್ತುತ್ತಿದೆ, ಎರಡೂ ಒಟ್ಟಿಗೆ ನಿಜ. ಈ ಒಂದು ಸಂಗತಿ ಅರ್ಥವಾಗದೆ ಹೋದರೆ ಬಣ್ಣ ತಿಳಿಯಾದಾಗಲೆಲ್ಲ ಇನ್ನಷ್ಟು ವಿನೆಗರ್ ಸುರಿಯುತ್ತಲೇ ಇರುತ್ತೇವೆ.

ಅಂಟಿಕೊಂಡ ಡಿಟರ್ಜೆಂಟ್ ಎಷ್ಟಿದ್ದರೆ ಲೆಕ್ಕಕ್ಕೆ ಬರುತ್ತದೆ? 100 ಗ್ರಾಂ ನೂಲಿನಲ್ಲಿ ಒಂದು ಗ್ರಾಂ ಸಲ್ಫೋನೇಟ್ ಉಳಿದಿದೆ ಎನ್ನಿ. ಅದರ ಅಣುತೂಕ ಸುಮಾರು 348, ಹಾಗಾಗಿ ಸುಮಾರು 2.9 ಮಿಲಿಮೋಲ್ ಆಯಿತು. ಉಣ್ಣೆಯಲ್ಲಿರುವ 80 ಮಿಲಿಮೋಲ್ ಜಾಗದ ಮುಂದೆ ಅದು ಏನೂ ಅಲ್ಲ. ಆದರೆ ಆಸಿಡ್ ಆರೆಂಜ್ 7 ಎಂಬ ಸರಳ ಕಿತ್ತಳೆ ಬಣ್ಣದ ಅಣುತೂಕ 350. ಅದೇ ನೂಲಿಗೆ ನೀವು ಹಾಕುವ ಒಂದು ಗ್ರಾಂ ಬಣ್ಣದಲ್ಲಿಯೂ ಇರುವುದು ಸುಮಾರು 2.9 ಮಿಲಿಮೋಲ್. ಅಂದರೆ ಒಂದೊಂದು ಬಣ್ಣದ ಅಣುವಿಗೂ ಒಂದೊಂದು ಡಿಟರ್ಜೆಂಟ್ ಅಣು ಎದುರಾಳಿ. ತಿಳಿ ಬಣ್ಣ ಹಾಕುವಾಗಂತೂ ಎದುರಾಳಿಗಳೇ ಹೆಚ್ಚು.

ಇದನ್ನು ದೋಷ ಎಂದು ಮಾತ್ರ ನೋಡಬೇಡಿ. ಬಣ್ಣ ನಿಧಾನಕ್ಕೆ ಹತ್ತಿದರೆ ಸಮನಾಗಿ ಹತ್ತುತ್ತದೆ. ಕುರಿಯ ಮೈಮೇಲೆ ಬಿಸಿಲು ಮಳೆಗೆ ಒಡ್ಡಿಕೊಂಡ ಎಳೆಯ ತುದಿ ಸವೆದಿರುತ್ತದೆ. ಬುಡಕ್ಕಿಂತ ಬೇಗ ಬಣ್ಣ ಹೀರುತ್ತದೆ. ನಾಡ ಉಣ್ಣೆಯ ನೂಲು ಚುಕ್ಕೆಚುಕ್ಕೆಯಾಗಲು ಇದೊಂದು ಕಾರಣ. ಬಣ್ಣದ ಕಾರ್ಖಾನೆಗಳು ಸಮತೆಗಾಗಿ ಬೇಕೆಂದೇ ಋಣ ಜಾತಿಯ ಸಹಾಯಕಗಳನ್ನು ಅಳೆದು ಹಾಕುತ್ತವೆ. ವ್ಯತ್ಯಾಸ ಇರುವುದು ಅಳತೆಯಲ್ಲಿ. ಅವರು ಹಾಕಿದ್ದು ಎಷ್ಟೆಂದು ಅವರಿಗೆ ಗೊತ್ತು. ಅರೆಬರೆ ಜಾಲಿಸಿದ ನೂಲಿನಲ್ಲಿ ಒಂದು ಲಡಿಗೆ ಎಷ್ಟು, ಇನ್ನೊಂದು ಲಡಿಗೆ ಎಷ್ಟು ಉಳಿದಿದೆ ಎಂದು ನಮಗೆ ಗೊತ್ತಿರುವುದಿಲ್ಲ, ಹಾಗಾಗಿ ಒಂದೇ ಪಾತ್ರೆಯಿಂದ ಎರಡು ಛಾಯೆ ಹೊರಬರುತ್ತದೆ.

ಇನ್ನೊಂದು ಮಾತು. ಶಾಂಪೂಗಳಲ್ಲಿ ಸಾಮಾನ್ಯವಾದ ಲಾರಿಲ್ ಸಲ್ಫೇಟ್ ಬಿಸಿ ಆಮ್ಲದಲ್ಲಿ ಒಡೆಯುತ್ತದೆ, ಜಿಡ್ಡಾದ ಲಾರಿಲ್ ಆಲ್ಕೋಹಾಲ್ ಬಿಡುತ್ತದೆ. ಸಲ್ಫೋನೇಟ್ ಹಾಗೆ ಸುಲಭಕ್ಕೆ ಒಡೆಯದು. ಉದ್ದ ಬಾಲದ ಬಲವಾದ ಆಮ್ಲಗಳು ಬಿಸಿಯಲ್ಲಿ ಉಣ್ಣೆಯ ಪ್ರೋಟೀನನ್ನೇ ಸಾಧಾರಣ ಖನಿಜಾಮ್ಲಕ್ಕಿಂತ ಬೇಗ ಕಡಿಯುತ್ತವೆ ಎಂದೂ ಸ್ಟೈನ್‌ಹಾರ್ಟ್ ಅವರ ಕೆಲಸದಿಂದ ಗೊತ್ತಾಗಿದೆ. ವಿನೆಗರಿನ ಮೃದು ಹುಳಿಯಲ್ಲಿ ಹೆದರಬೇಕಿಲ್ಲ. ಗಂಧಕಾಮ್ಲದ ಜೊತೆ ಡಿಟರ್ಜೆಂಟ್ ಸೇರಿಸಿ ಗಂಟೆಗಟ್ಟಲೆ ಕುದಿಸುವ ಪ್ರಯೋಗ ಮಾತ್ರ ಬೇಡ.

ಬಾರ್ ಸೋಪು ಮತ್ತು ಸೋಡಾ ಪುಡಿ

ಬಾರ್ ಸೋಪೂ ಋಣ ಜಾತಿಯದೇ. ಆದರೆ ತಲೆ ಕಾರ್ಬಾಕ್ಸಿಲೇಟ್ ಆದ್ದರಿಂದ ಆಮ್ಲ ತಗುಲಿದೊಡನೆ ಸೋಪು ಸೋಪಾಗಿ ಉಳಿಯುವುದಿಲ್ಲ. ಕೊಬ್ಬಿನಾಮ್ಲವಾಗಿ ಬೇರ್ಪಟ್ಟು ಎಳೆಯ ಮೇಲೆ ಮೇಣದಂತೆ ಕೂರುತ್ತದೆ. ಆಮ್ಲದ ನಷ್ಟ ಇಲ್ಲಿ ಸಣ್ಣದು: ಒಂದು ಗ್ರಾಂ ಸೋಪು ತಿನ್ನುವುದು ಶೇ 4ರ ವಿನೆಗರಿನ 5 ಮಿಲಿಯಷ್ಟು. ನಿಜವಾದ ಹಾನಿ ಆ ಮೇಣದ ಪದರ. ಅದು ಇರುವ ಕಡೆ ನೀರು ನಿಲ್ಲದು, ಆಮ್ಲ ತಡವಾಗಿ ಇಳಿಯುತ್ತದೆ, ಬಣ್ಣ ತೇಪೆಯಾಗುತ್ತದೆ.

ಸೋಡಾ ಬೆರೆತ ಡಿಟರ್ಜೆಂಟ್ ಪುಡಿ ಇದಕ್ಕಿಂತ ಕೆಟ್ಟದು. ಒಂದು ಗ್ರಾಂ ವಾಷಿಂಗ್ ಸೋಡಾ ಉಳಿದಿದ್ದರೆ ಅದೇ ವಿನೆಗರಿನ ಸುಮಾರು 28 ಮಿಲಿ ಅದಕ್ಕೇ ಹೋಯಿತು. ಎಷ್ಟೋ ಪುಡಿಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಬೇರೆ ಇರುತ್ತದೆ, ಉಣ್ಣೆಯೇ ಪ್ರೋಟೀನು. ಉಣ್ಣೆಗೆ ಪುಡಿ ಬೇಡವೇ ಬೇಡ.

ನೀರಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮುರಕಲ್ಲಿನ ಬಾವಿಗಳ ನೀರು ಮೆದು. ಸೋಪು ಚೆನ್ನಾಗಿ ನೊರೆಗಟ್ಟುತ್ತದೆ, ಜಾಲಿಸಿದರೂ ಜಾರು ಜಾರು ಎನ್ನಿಸುತ್ತದೆ. ಬಯಲಿನ ಬೋರ್‌ವೆಲ್ ನೀರಿನಲ್ಲಿ ಸೋಪು ಸುಣ್ಣದೊಂದಿಗೆ ಸೇರಿ ಬಿಳಿ ಗಸಿಯಾಗಿ ಎಳೆಗೆ ಅಂಟುತ್ತದೆ. ಜೊತೆಗೆ ಆ ನೀರಿನ ಕ್ಷಾರೀಯತೆ ಲೀಟರಿಗೆ 300 ಮಿಲಿಗ್ರಾಂ ಇದ್ದರೆ ನಾಲ್ಕು ಲೀಟರ್ ನೀರೇ 36 ಮಿಲಿ ವಿನೆಗರನ್ನು ನುಂಗುತ್ತದೆ; ಲೀಟರಿಗೆ 30 ಇರುವ ಬಾವಿ ನೀರಿನಲ್ಲಿ ನಾಲ್ಕು ಮಿಲಿಯೂ ಹೋಗದು. ಬಯಲುಸೀಮೆಯವರು ಬರೆದಿಟ್ಟ ವಿನೆಗರ್ ಅಳತೆಯನ್ನು ತೀರ್ಥಹಳ್ಳಿಯಲ್ಲಿ ಹಾಗೆಯೇ ಹಾಕಿದರೆ ಬಣ್ಣ ಒಮ್ಮೆಲೇ ಹತ್ತಿ ಕಲೆಯಾಗುವುದು ಇದರಿಂದ.

ನಾನ್‌ಅಯಾನಿಕ್: ಕೈಗಾರಿಕೆಯ ಆಯ್ಕೆ

ಆವೇಶವೇ ಇಲ್ಲದ ಈ ಸರ್ಫ್ಯಾಕ್ಟೆಂಟ್ ಜಾತಿ ಆಮ್ಲದ ಒಟ್ಟು ಪಾಲನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಬದಲಾಗುವುದು ವೇಗ ಮತ್ತು ಸಮತೆ. ಉಣ್ಣೆಯ ಎಳೆಯ ಹೊರಮೈ ಮೇಲೆ ಕೊಬ್ಬಿನಾಮ್ಲದ ತೆಳು ಪದರ ಇದೆ, ನೀರನ್ನು ದೂಡುತ್ತದೆ. ಕಂಬಳಿಯ ಮೇಲೆ ಮಳೆಹನಿ ಉರುಳಿ ಹೋಗುವುದರಲ್ಲಿ ಅದರ ಪಾಲೂ ಇದೆ. ಆ ಮೈಯನ್ನು ಒದ್ದೆಯಾಗಿಸಿ, ಆಮ್ಲ ಎಲ್ಲ ಕಡೆಯಿಂದ ಒಂದೇ ಸಮನೆ ಒಳಗಿಳಿಯುವಂತೆ ಮಾಡುವುದು ಇದರ ಕೆಲಸ.

ಹುಲ್ಲು, ಬೀಜ ಸಿಕ್ಕಿಕೊಂಡ ಉಣ್ಣೆಯನ್ನು ಕಾರ್ಖಾನೆಗಳಲ್ಲಿ ಗಂಧಕಾಮ್ಲದ ನೀರಿಗೆ ಹಾಕಿ, ಒಣಗಿಸಿ, 120 ಡಿಗ್ರಿ ಆಸುಪಾಸಿನಲ್ಲಿ ಹುರಿದು ಕಸವನ್ನು ಕರಿದಾಗಿಸಿ ಪುಡಿಮಾಡಿ ತೆಗೆಯುತ್ತಾರೆ. ಆಮ್ಲ ಅಲ್ಲಲ್ಲಿ ಹನಿಯಾಗಿ ನಿಂತು ಗಾಢವಾದರೆ ಉಣ್ಣೆಯೂ ಸುಡುತ್ತದೆ. ಆಮ್ಲಕ್ಕೆ ಸರ್ಫ್ಯಾಕ್ಟೆಂಟ್ ಸೇರಿಸಿದಾಗ ಕಸ ಬೇಗ ನೆನೆಯುತ್ತದೆ, ಆಮ್ಲ ಸಮನಾಗಿ ಹರಡುತ್ತದೆ, ಎಳೆಗೆ ಆಗುವ ಹಾನಿ ತಗ್ಗುತ್ತದೆ. ಸರ್ಫ್ಯಾಕ್ಟೆಂಟ್ ಮತ್ತು ಆಮ್ಲದ ಸಂಬಂಧವನ್ನು ಉಣ್ಣೆ ವಿಜ್ಞಾನಿಗಳು ಅಷ್ಟೊಂದು ಆಳವಾಗಿ ನೋಡಲು ಈ ಕೆಲಸವೂ ಕಾರಣ. ಮನೆಯಲ್ಲಿ ಇದನ್ನು ಮಾಡುವ ಮಾತೇ ಇಲ್ಲ. ಉತ್ತರಾಣಿ ಮುಳ್ಳನ್ನು ಕೈಯಲ್ಲೇ ಆರಿಸಿ ತೆಗೆಯಿರಿ.

ನಾನ್‌ಅಯಾನಿಕ್‌ಗೆ ಎರಡು ಮಿತಿ. ಒಂದು, ಇವುಗಳಲ್ಲಿ ಎಷ್ಟೋ ವಸ್ತುಗಳು ಒಂದು ಬಿಸಿ ದಾಟಿದೊಡನೆ ನೀರಿನಿಂದ ಬೇರ್ಪಟ್ಟು ಮಬ್ಬಾಗುತ್ತವೆ. ಬಣ್ಣದ ನೀರು ಕುದಿಯ ಹತ್ತಿರ ಹೋಗುವುದರಿಂದ, ಕೊಳ್ಳುವಾಗ ಆ ಬಿಸಿ ಎಷ್ಟೆಂದು ಕೇಳಿ. ಇನ್ನೊಂದು ನಮಗೆ ಬಹಳ ಹತ್ತಿರದ್ದು. ಇದರ ಎಥಾಕ್ಸಿಲೇಟ್ ಸರಪಳಿ ಟ್ಯಾನಿನ್ ಜೊತೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಒಗರು ಕೊಡುವ ಈ ಟ್ಯಾನಿನ್ನೇ ಅಡಿಕೆ ಚೊಗರಿನ ಜೀವ. ಚೊಗರಿನ ಪಾತ್ರೆಗೆ ನಾನ್‌ಅಯಾನಿಕ್ ಬಿದ್ದರೆ ಬಣ್ಣ ನೂಲಿಗೆ ಹೋಗುವ ಬದಲು ಅದರ ಜೊತೆಗೇ ಗಸಿಯಾಗಿ ತಳಕ್ಕೆ ಇಳಿಯಬಹುದು. ಆಸಿಡ್ ಬಣ್ಣಕ್ಕೆ ಹಾಕುವುದಾದರೆ ಲೀಟರಿಗೆ ಅರ್ಧ ಗ್ರಾಂ ಸಾಕು. ಹೆಚ್ಚಾದರೆ ಅದು ಬಣ್ಣವನ್ನೂ ತನ್ನೊಂದಿಗೆ ನೀರಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ.

ಅಡಿಕೆ ತೋಟದವರ ಮನೆಯಲ್ಲಿ ಔಷಧಿ ಹೊಡೆಯುವಾಗ ಬೆರೆಸುವ ಅಂಟು ಇದ್ದೇ ಇರುತ್ತದೆ. ಅದೂ ಸರ್ಫ್ಯಾಕ್ಟೆಂಟ್ ತಾನೇ ಎಂದು ಕೇಳುವವರಿದ್ದಾರೆ. ರಾಳದ್ದಾದರೆ ಅದು ಒಂದು ಬಗೆಯ ಸೋಪು, ಆಮ್ಲದಲ್ಲಿ ರಾಳವೇ ಬೇರ್ಪಟ್ಟು ನೂಲಿಗೆ ಮೆತ್ತಿಕೊಳ್ಳುತ್ತದೆ. ಅಂಗಡಿಯದ್ದಾದರೆ ಸಿಲಿಕೋನ್ ಬೆರೆತಿರಬಹುದು. ಎರಡೂ ಬೇಡ. ಬೋರ್ಡೋ ದ್ರಾವಣ ಕಲಸಿದ ಬಕೆಟ್ಟನ್ನೂ ಬಣ್ಣಕ್ಕೆ ಬಳಸಬೇಡಿ, ಮೈಲುತುತ್ತದ ತಾಮ್ರ ಚೊಗರಿನ ಬಣ್ಣವನ್ನು ಬದಲಿಸುತ್ತದೆ. ಬಚ್ಚಲಿನ ತಾಮ್ರದ ಹಂಡೆಗೂ ಇದೇ ಮಾತು. ಹುಳಿ ನೀರಿಗೆ ಸ್ಟೀಲ್ ಪಾತ್ರೆಯೇ ಸರಿ.

ಅಂಟುವಾಳ

ನನ್ನ ಮನಸ್ಸು ಇರುವುದು ಇದರ ಕಡೆಗೆ. ಅದಕ್ಕೆ ಭಕ್ತಿಯ ಕಾರಣ ಇಲ್ಲ, ರಸಾಯನದ ಕಾರಣ ಇದೆ. ಅಂಟುವಾಳದ ಸಿಪ್ಪೆಯಲ್ಲಿರುವ, ನೊರೆ ಕೊಡುವ ಸಪೋನಿನ್ ನಡವಳಿಕೆಯಲ್ಲಿ ನಾನ್‌ಅಯಾನಿಕ್‌ಗೆ ಹತ್ತಿರ. ನೀರು ತಾನಾಗಿಯೇ ತುಸು ಹುಳಿ. ಆದ್ದರಿಂದ ತೊಳೆಯುವಾಗಲೂ ಉಣ್ಣೆ ಕ್ಷಾರವನ್ನು ನೋಡುವುದೇ ಇಲ್ಲ, ವಿನೆಗರ್ ಪಾತ್ರೆಗೆ ಹೋದಾಗ ಮೇಣವಾಗಿ ಬೇರ್ಪಡುವುದಿಲ್ಲ, ಸುಣ್ಣದ ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ಸ್ವಲ್ಪ ಉಳಿದುಕೊಂಡರೂ ಆಮ್ಲದ ಲೆಕ್ಕ ತಪ್ಪುವುದಿಲ್ಲ. ಉಳಿಕೆ ಕ್ಷಮಿಸುವ ಗುಣ ಮನೆಯ ಕೆಲಸಕ್ಕೆ ತುಂಬ ದೊಡ್ಡದು.

100 ಗ್ರಾಂ ನೂಲಿಗೆ ಒಂದು ದೊಡ್ಡ ಹಿಡಿ ಸಿಪ್ಪೆ. ಬೀಜ ತೆಗೆದು ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಇನ್ನೂ ಮೂರು ಲೀಟರ್ ಬೆಚ್ಚನೆ ನೀರಿಗೆ ಸೇರಿಸಿ ನೂಲು ಅದ್ದಿ. ಉಜ್ಜಬಾರದು. ಬಿಸಿಯಲ್ಲಿ ಉಜ್ಜಿದರೆ ಉಣ್ಣೆ ಜಡೆಗಟ್ಟಿ ಕುಗ್ಗುತ್ತದೆ. ಮುಳುಗಿಸಿ, ಬಿಟ್ಟು, ಎತ್ತಿ, ಮತ್ತೆ ಮುಳುಗಿಸಿದರೆ ಸಾಕು.

ಕೊರತೆ ಇಲ್ಲದಿಲ್ಲ. ಕುರಿಯ ಮೈಯಿಂದ ನೇರ ಬಂದ ಉಣ್ಣೆಯ ಜಿಡ್ಡನ್ನು ಅಂಟುವಾಳ ಒಂದೇ ಸಲಕ್ಕೆ ಬಿಡಿಸಲಾರದು. ಅಲ್ಲಿ ಬಿಸಿ ನೀರು, ತುಸು ಪಾತ್ರೆ ದ್ರವ, ಆಮೇಲೆ ಅಂಟುವಾಳ ಎಂದು ಎರಡು ಹಂತ ಮಾಡಿ. ಬಿಳಿ ಉಣ್ಣೆಗೆ ಇದು ತಿಳಿ ಕಂದು ಛಾಯೆ ಕೊಡುತ್ತದೆ. ಚೊಗರಿಗೆ ಅದು ಲೆಕ್ಕಕ್ಕಿಲ್ಲ, ತಿಳಿ ನೀಲಿಗೆ ಖಂಡಿತ ಎದ್ದು ಕಾಣುತ್ತದೆ. ಸೀಗೆಕಾಯಿಯದೂ ಇದೇ ಗುಣ, ಬಣ್ಣ ಬಿಡುವುದು ಇನ್ನೂ ಹೆಚ್ಚು, ಕೂದಲಿಗೇ ಇರಲಿ. ದಾಸವಾಳದ ಸೊಪ್ಪಿನ ಲೋಳೆ ಜಾರುತ್ತದೆ, ಜಿಡ್ಡು ಬಿಡಿಸುವುದಿಲ್ಲ.

ಫ್ಯಾಬ್ರಿಕ್ ಸಾಫ್ಟನರ್, ಕಂಡೀಷನರ್

ಒರಟು ಕಂಬಳಿ ನೂಲನ್ನು ಮೆತ್ತಗಾಗಿಸಲು ಇದನ್ನು ಮೊದಲೇ ಹಾಕುವ ಆಸೆ ಬರುತ್ತದೆ. ಹಾಕಬೇಡಿ. ಇವು ಧನ ಜಾತಿಯವು. ಪ್ರೋಟಾನಿಗೂ ಇವಕ್ಕೂ ಒಂದೇ ಆವೇಶ, ಕೂರುವ ಜಾಗವೂ ಅದೇ ಕಾರ್ಬಾಕ್ಸಿಲ್ ಗುಂಪು. ಅದಕ್ಕಿಂತ ದೊಡ್ಡ ತೊಂದರೆ, ಆಸಿಡ್ ಬಣ್ಣದ ಋಣ ಅಯಾನನ್ನು ಕಂಡೊಡನೆ ಇವು ಅದರೊಂದಿಗೆ ಸೇರಿ ಗಸಿಯಾಗುತ್ತವೆ. ಮೈಮೇಲೆ ಕೂತ ಆ ಗಸಿ ಉಜ್ಜಿದರೆ ಬಿಡುತ್ತದೆ. ಬಣ್ಣ ಹಾಕಿ, ಜಾಲಿಸಿ, ಎಲ್ಲ ಮುಗಿದ ಮೇಲೆ ಕೊನೆಯ ನೀರಿಗೆ ಚೂರು ಹಾಕಿದರೆ ತೊಂದರೆ ಇಲ್ಲ.

ಹುಳಿಯ ಆಯ್ಕೆ

ವಿನೆಗರ್ ಮೃದು, ಆವಿಯಾಗುತ್ತದೆ, ಆರಿದ ಮೇಲೆ ನೂಲಿನಲ್ಲಿ ಉಳಿಯುವುದು ಕಡಿಮೆ. 100 ಗ್ರಾಂ ನೂಲಿಗೆ ನಾಲ್ಕು ಲೀಟರ್ ಮೆದು ನೀರು, ಶೇ 4ರ ವಿನೆಗರ್ 50 ಮಿಲಿ. ಅರ್ಧ ಮೊದಲು, ಉಳಿದರ್ಧ ನೀರು ಬಿಸಿಯಾದ ಮೇಲೆ. ಋಣ ಜಾತಿಯ ಉಳಿಕೆ ಇದೆ ಎಂಬ ಅನುಮಾನವಿದ್ದರೆ ಹುಳಿ ಹೆಚ್ಚಿಸುವ ಬದಲು ಕುದಿಯ ಹತ್ತಿರದ ಹೊತ್ತನ್ನು ಹೆಚ್ಚಿಸಿ. ಹಿಂದೆ ಬಿದ್ದ ಬಣ್ಣ ನಿಧಾನಕ್ಕೆ ತನ್ನ ಜಾಗ ಬಿಡಿಸಿಕೊಳ್ಳುತ್ತದೆ.

ರಬ್ಬರ್ ತೋಟ ಇರುವವರ ಮನೆಯಲ್ಲಿ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲ ಇರುತ್ತದೆ. ವಿನೆಗರಿಗಿಂತ ಬಲ, ಅದೂ ಆವಿಯಾಗುತ್ತದೆ, ಗಾಢ ಬಣ್ಣಕ್ಕೆ ಒಳ್ಳೆಯದು. 100 ಗ್ರಾಂ ನೂಲಿಗೆ ಶೇ 85ರದ್ದು ಒಂದೆರಡು ಮಿಲಿ ಸಾಕು. ಚರ್ಮ ಸುಡುತ್ತದೆ, ಕಣ್ಣಿಗೆ ಅಪಾಯ, ಹಬೆ ಮೂಗಿಗೆ ಹೊಡೆಯುತ್ತದೆ. ಕೈಗವಸು, ಕನ್ನಡಕ, ತೆರೆದ ಜಾಗ ಇಲ್ಲದೆ ಮುಟ್ಟಬೇಡಿ. ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಬೇಡ.

ನಿಂಬೆ ಉಪ್ಪು ಅಗ್ಗ, ವಾಸನೆ ಇಲ್ಲ. ಆದರೆ ಅದು ಲೋಹವನ್ನು ಹಿಡಿದುಕೊಳ್ಳುತ್ತದೆ. ಕಬ್ಬಿಣದ ನೀರಿನಿಂದ ಕಪ್ಪು ಮಾಡಿದ ಚೊಗರನ್ನು ಇದು ತಿಳಿಯಾಗಿಸುತ್ತದೆ, ಪಟಿಕದ ಮೇಲೆ ಕೂತ ಬಣ್ಣವನ್ನೂ ಸಡಿಲಿಸುತ್ತದೆ. ಪೊಟ್ಟಣದ ಆಸಿಡ್ ಬಣ್ಣಕ್ಕಾದರೆ ಬಳಸಿ. ಹುಣಸೆ, ಉಪ್ಪಾಗೆಗಳ ಹುಳಿ ನಿಜವಾದ ಹುಳಿಯೇ, ಆದರೆ ಅವು ತಮ್ಮ ಬಣ್ಣವನ್ನೂ ಸಕ್ಕರೆಯನ್ನೂ ಬಿಡುತ್ತವೆ. ಗಂಧಕಾಮ್ಲ ಮನೆಗೆ ಬೇಡ. ಆವಿಯಾಗದ ಆಮ್ಲ ಆರುತ್ತ ಆರುತ್ತ ಗಾಢವಾಗುತ್ತದೆ. ಆಷಾಢದಲ್ಲಿ ನೂಲನ್ನು ಬಚ್ಚಲೊಲೆಯ ಮೇಲಿನ ಬಿದಿರಿಗೆ ಹಾಕಿ ಆರಿಸುವ ನಮ್ಮಲ್ಲಿ ಅದು ಎಳೆಯನ್ನೇ ಪುಡಿಮಾಡಬಲ್ಲದು.

ಯಾವುದಕ್ಕೆ ಯಾವುದು

ಚೊಗರು ಹಾಕುವ ನಾಡ ಉಣ್ಣೆಗೆ ಅಂಟುವಾಳ, ಎರಡು ಸಲ ಜಾಲಿಸಿ, ಜೊತೆಗೆ ವಿನೆಗರ್ ತೀರಾ ಸ್ವಲ್ಪ. ಬೇರೆ ಆಯ್ಕೆಯೇ ಹುಡುಕಬೇಡಿ.

ಪೊಟ್ಟಣದ ಆಸಿಡ್ ಬಣ್ಣ, ಗಾಢ ಛಾಯೆ: ಪಾತ್ರೆ ದ್ರವದಲ್ಲಿ ತೊಳೆದು ನೊರೆ ಪೂರ್ತಿ ಹೋಗುವವರೆಗೆ ಬೆಚ್ಚನೆ ನೀರಿನಲ್ಲಿ ಜಾಲಿಸಿ. ತೊಳೆಯುವ ನೀರಿಗಾಗಲೀ ಮೊದಲ ಜಾಲಿಸುವ ನೀರಿಗಾಗಲೀ ವಿನೆಗರ್ ಸೇರಿಸಬೇಡಿ. ಹುಳಿ ಬಿದ್ದರೆ ಡಿಟರ್ಜೆಂಟ್ ಎಳೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹುಳಿಯಿಲ್ಲದ ನೀರಿನಲ್ಲಿ ಅದು ಸುಲಭಕ್ಕೆ ಬಿಡುತ್ತದೆ. ಈ ಕ್ರಮ ತಲೆಕೆಳಗಾಗುವುದನ್ನು ನಾನು ಎಲ್ಲಕ್ಕಿಂತ ಹೆಚ್ಚು ನೋಡಿದ್ದೇನೆ.

ತಿಳಿ ಛಾಯೆ, ಸಮವಾಗಿ ಬೇಕು ಎನ್ನುವವರು ನಾನ್‌ಅಯಾನಿಕ್ ಹಾಕಿ ಅರ್ಧ ಗಂಟೆ ನೆನೆಸಿ, ಬಣ್ಣವನ್ನು ತಣ್ಣೀರಿನಲ್ಲೇ ಶುರುಮಾಡಿ ನಿಧಾನ ಬಿಸಿ ಏರಿಸಿ. ‘ಮಷಿನ್‌ನಲ್ಲಿ ಒಗೆಯಬಹುದು’ ಎಂದು ಬರೆದ ಮೆರಿನೋಗೆ ಇದು ಕಡ್ಡಾಯ. ಕುಗ್ಗದಂತೆ ಮಾಡಲು ಅಂಥ ನೂಲಿಗೆ ಸಾಮಾನ್ಯವಾಗಿ ಕ್ಲೋರಿನ್ ಕೊಟ್ಟು, ಧನ ಆವೇಶದ ಪಾಲಿಮರ್ ಲೇಪಿಸಿರುತ್ತಾರೆ. ಬಣ್ಣವನ್ನು ಅದು ಕಣ್ಣೆದುರೇ ಎಳೆದುಕೊಳ್ಳುತ್ತದೆ. ಅಲ್ಲಿ ವಿನೆಗರನ್ನು ಕೊನೆಗೆ ಹಾಕಿ, ಅದೂ ಅರ್ಧಕ್ಕೆ ಇಳಿಸಿ.

ಹಳೆ ಕಂಬಳಿಯ ವಿಷಯ ಬೇರೆ. ನೇಯುವಾಗ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ, ಅದರ ಮೇಲೆ ವರ್ಷಗಳ ಹೊಗೆ, ಮಣ್ಣು. ಬೆಚ್ಚನೆ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಗಂಜಿ ಬಿಡಿಸಿದ ಮೇಲಷ್ಟೇ ಸೋಪಿನ ಮಾತು. ಗಂಜಿ ಇರುವ ಕಡೆ ಯಾವ ಸರ್ಫ್ಯಾಕ್ಟೆಂಟೂ ಆಮ್ಲವನ್ನು ಒಳಗೆ ಬಿಡಿಸಲಾರದು.

ಅನುಮಾನ ಬಂದಾಗ ಪರೀಕ್ಷೆ ಮಾಡಿ ನೋಡಿ. ಒಂದೇ ಲಡಿಯಿಂದ ಸಮತೂಕದ ಮೂರು ತುಂಡು ತೆಗೆದು ಮೂರು ಬಗೆಯಲ್ಲಿ ತೊಳೆಯಿರಿ. ಒಂದೇ ಅಳತೆಯ, ತೀರಾ ತೆಳುವಾದ ವಿನೆಗರ್ ನೀರಿನಲ್ಲಿ ಒಂದು ಗಂಟೆ ಬಿಟ್ಟು ಪಿಎಚ್ ಕಾಗದದಿಂದ, ಇದ್ದರೆ ಮೀಟರಿನಿಂದ ಅಳೆಯಿರಿ. ನೀರಿನ ಹುಳಿ ಎಷ್ಟು ಇಳಿದಿದೆಯೋ ಅಷ್ಟು ಹೀರಿಕೆ. ಒಂದು ಮೋಸವಿದೆ: ಎಳೆಯಲ್ಲಿ ಉಳಿದ ಸೋಪು, ಸೋಡಾಗಳೂ ಆಮ್ಲ ತಿಂದು ಹುಳಿ ಇಳಿಸುತ್ತವೆ. ಆದ್ದರಿಂದ ಪ್ರತಿ ಬಗೆಯಲ್ಲೂ ತೊಳೆದ ಅಷ್ಟೇ ತೂಕದ ಇನ್ನೊಂದು ತುಂಡನ್ನು ಸಾದಾ ನೀರಿನಲ್ಲಿ ಒಂದು ಗಂಟೆ ಬಿಟ್ಟು, ತುಂಡನ್ನು ತೆಗೆದು, ಆ ನೀರಿಗೆ ಅಷ್ಟೇ ವಿನೆಗರ್ ಹಾಕಿ ಅಳೆದಿಟ್ಟುಕೊಳ್ಳಿ. ಎರಡರ ವ್ಯತ್ಯಾಸವೇ ಉಣ್ಣೆಯ ನಿಜವಾದ ಪಾಲು. ಮೀಟರ್ ಇಲ್ಲದ ಮನೆಯಲ್ಲಿ ಕೆಂಪು ದಾಸವಾಳದ ಎಸಳಿನ ನೀರು ಕೂಡ ಹುಳಿಗೆ ಕೆಂಪಾಗಿ, ಕ್ಷಾರಕ್ಕೆ ಹಸಿರಾಗಿ ತೋರಿಸುತ್ತದೆ. ಸೂಕ್ಷ್ಮ ಅಳತೆಗೆ ಅದು ಸಾಲದು, ತೊಳೆದ ನೀರಿನಲ್ಲಿ ಸೋಡಾ ಉಳಿದಿದೆಯೇ ಎಂದು ತಿಳಿಯಲು ಸಾಕು.

ಉಳಿದ ನೀರನ್ನು ಹಳ್ಳಕ್ಕೆ ಬಿಡಬೇಡಿ, ಅಂಟುವಾಳದ್ದನ್ನಂತೂ ಬಿಡಲೇಬೇಡಿ. ಗಿಡದ್ದು ಎಂದ ಮಾತ್ರಕ್ಕೆ ಅದು ಮೀನಿಗೆ ಮೆದುವಲ್ಲ. ಸಪೋನಿನ್ ಮೀನಿನ ಕಿವಿರನ್ನು ಕೆಡಿಸುತ್ತದೆ. ತೀರ್ಥಹಳ್ಳಿ ಬಳಿಯ ಮತ್ಸ್ಯಧಾಮ ಚಿಬ್ಬಲಗುಡ್ಡೆಯ ಮೀನುಗಳಿರುವ ತುಂಗೆಗೆ ನಮ್ಮ ಮನೆಮನೆಯ ಹಳ್ಳಗಳೇ ಸೇರುವುದು. ಹುಳಿ ನೀರಿಗೆ ಸ್ವಲ್ಪ ಒಲೆಬೂದಿ ಕಲಸಿ, ಬಾವಿಯಿಂದ ದೂರದ ಇಂಗುಗುಂಡಿಗೆ ಹಾಕಿ.